ಡಿಸ್ಕ್ ಸರಿ ಇದೆ

ಎರಡು ವರ್ಷದ ಹಿಂದೆ ನಾನು ಕೊಡಿಗೇಹಳ್ಳಿಯ ಒಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಓದಿದ್ದು ಹತ್ತನೇ ತರಗತಿವರೆಗೆ. ಉಳಿದದ್ದೆಲ್ಲ ಬಿಚ್ಚಿ ಜೋಡಿಸಿ ಕಲಿತದ್ದು. ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಯಾವ ಲ್ಯಾಪ್‌ಟಾಪ್ ಬಂದರೂ ಮೊದಲು ಭಾಗಗಳನ್ನು ಪರೀಕ್ಷಿಸಿ, ಕಂಡದ್ದನ್ನು ಕಾಗದದ ಟೇಪಿನ ಮೇಲೆ ಬರೆದು ತಳಕ್ಕೆ ಅಂಟಿಸಬೇಕು. ಆಮೇಲೆ ಗಿರಾಕಿಯನ್ನು, ಒಳಗೆ ಬೇಕಾದ್ದೇನಿದೆ ಎಂದು ಕೇಳಬೇಕು. ಅಕ್ಕನ ಲ್ಯಾಪ್‌ಟಾಪ್ ಬಂದಾಗ ಮೊದಲನೆಯದನ್ನು ಮಾಡಿದೆ. ಮನೆಯವಳಲ್ಲವೇ ಎಂದು ಎರಡನೆಯದನ್ನು ಬಿಟ್ಟೆ.

ಅಕ್ಕ ಮಂಜುಳಾ ಅಬ್ಬಿಗೆರೆಯ ಮನೆಯಲ್ಲೇ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಇಟ್ಟುಕೊಂಡು ಬ್ಲೌಸ್ ಕೆಲಸ ಮಾಡುತ್ತಾಳೆ. ತಾನು ಬಿಡಿಸಿದ ಚಿತ್ರಗಳನ್ನು ಮೆಷಿನ್ ಓದುವ ಫೈಲುಗಳಾಗಿ ಮಾಡಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದಳು. ಮಾಡಿಕೊಡುತ್ತಿದ್ದವರು ಅಂಗಡಿ ಮುಚ್ಚಿ ಊರು ಬಿಟ್ಟಿದ್ದರು. ಮುನ್ನೂರಕ್ಕೂ ಹೆಚ್ಚು ಡಿಸೈನ್‌ಗಳು. ಅವೇ ಅವಳ ಕಸುಬು.

"ಟೀ ಮಾಡಿ, ಕುಡ್ದು, ಲೋಟ ತೊಳೆದು ಬಂದ್ರೂ ಇದು ಏಳಲ್ಲ ಕಣೋ" ಎಂದು ಕೊಟ್ಟು ಹೋದಳು.

ಎರಡೇ ಜಿಬಿ ರ‍್ಯಾಮ್. ಹೊಸ ವಿಂಡೋಸನ್ನು ಅದು ತಾಳುವುದಿಲ್ಲ. ಇಂಥ ಹಳೆಯ ಲ್ಯಾಪ್‌ಟಾಪ್‌ಗಳಿಗೆಂದೇ ವಿಂಡೋಸ್ ಬದಲಿಗೆ ಹಾಕುವ ಹಗುರವಾದ ಲಿನಕ್ಸ್‌ಗಳಿವೆ. ಅಂಥದ್ದೊಂದನ್ನು ಪೆನ್‌ಡ್ರೈವ್‌ನಿಂದ ಹಾಕಲು ಕುಳಿತೆ. ಹಳೆಯ ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಹಾಕಲು ನೋಡಿದಾಗ ಅರ್ಧದಲ್ಲೇ ನಿಂತಿತು. ಬೇಸರವಾಗಿ, ಇಡೀ ಡಿಸ್ಕ್ ಅಳಿಸಿ ಹಾಕುವ ಆಯ್ಕೆ ಒತ್ತಿದೆ. ಫೈಲುಗಳೆಲ್ಲ ಅವಳು ಮೆಷಿನ್ನಿಗೆ ಚುಚ್ಚುವ ಪೆನ್‌ಡ್ರೈವ್‌ನಲ್ಲಿ ಇರುತ್ತವೆ ಎಂದು ನಾನೇ ಅಂದುಕೊಂಡೆ.

ಮುಗಿದ ಮೇಲೆ ಆನ್ ಮಾಡಿದರೆ ಪರದೆ ಕಪ್ಪು. ಒಂದು ಗಂಟೆ ಒದ್ದಾಡಿದೆ. ಹಳೆಯ ಗ್ರಾಫಿಕ್ಸ್ ಚಿಪ್ ಹೊಸ ಡ್ರೈವರ್‌ಗೆ ಹೊಂದುತ್ತಿರಲಿಲ್ಲ. ಶುರುವಾಗುವ ಮೆನುವಿನಲ್ಲಿ ಆ ಡ್ರೈವರನ್ನು ತಡೆಯುವ 'ನೋಮೋಡ್‌ಸೆಟ್' ಎಂಬ ಒಂದು ಪದ ಸೇರಿಸಿದೆ, ಪರದೆ ಬೆಳಗಿತು. ಮುಂದಿನ ಸಲ ಒಂದೇ ನಿಮಿಷದಲ್ಲಿ ಎದ್ದಿತು. ಬೀಗಿದೆ.

ಸಂಜೆ ಅಕ್ಕ ಬಂದು ಮೆಚ್ಚಿಕೊಂಡಳು. ಆಮೇಲೆ, "ನನ್ ಡಿಸೈನ್ ಫೋಲ್ಡರ್ ಎಲ್ಲೋ?" ಎಂದಳು. ಪೆನ್‌ಡ್ರೈವ್‌ನಲ್ಲಿ ಅವತ್ತವತ್ತಿನ ಒಂದೆರಡು ಮಾತ್ರ ಇಟ್ಟುಕೊಳ್ಳುತ್ತಿದ್ದಳಂತೆ.

"ನೀನ್ ತರೋ ಹೊತ್ಗೇ ಡಿಸ್ಕ್ ಹೋಗಿತ್ತಕ್ಕ. ಬೇರೆ ಹಾಕಿದೀನಿ" ಎಂದೆ.

ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಅಳಿಸಿದ ಫೈಲುಗಳು ತಕ್ಷಣ ಹೋಗುವುದಿಲ್ಲ. ಅವುಗಳ ಜಾಗದಲ್ಲಿ ಬೇರೆಯದು ಬರೆಯುವವರೆಗೆ ಡಿಸ್ಕಿನಲ್ಲೇ ಇರುತ್ತವೆ. ಅಂದೇ ಲ್ಯಾಪ್‌ಟಾಪ್ ನಿಲ್ಲಿಸಿದ್ದರೆ ಬಹುಪಾಲು ತೆಗೆಯಬಹುದಿತ್ತು. ಇದು ನನಗೆ ಗೊತ್ತಿತ್ತು. ಆದರೆ ಅದನ್ನು ಹೇಳಬೇಕಾದರೆ ಹೇಳಿದ ಸುಳ್ಳನ್ನು ನುಂಗಬೇಕಿತ್ತು. ಮೂರು ವಾರ ಸುಮ್ಮನಿದ್ದೆ. ಅಕ್ಕ ಅದರಲ್ಲೇ ಗಿರಾಕಿಗಳು ಕಳಿಸಿದ ಫೋಟೋ, ಕೊಂಡು ತಂದ ಹೊಸ ಡಿಸೈನ್ ತುಂಬಿಕೊಳ್ಳುತ್ತಿದ್ದಳು. ಒಂದೊಂದೂ ಹಳೆಯದರ ಮೇಲೆ ಮಣ್ಣು ಮುಚ್ಚಿದ ಹಾಗೆ.

ಒಂದು ಭಾನುವಾರ ಅವಳ ಮನೆಗೆ ಹೋದೆ. ಗಿರಾಕಿಗಳಿಂದ ಹಳೆಯ ಬ್ಲೌಸ್‌ಗಳನ್ನು ಕೇಳಿ ತಂದು ನೆಲದ ಮೇಲೆ ಹರಡಿ, ತೆಳು ಕಾಗದವಿಟ್ಟು ತನ್ನದೇ ಹೂಬಳ್ಳಿಗಳನ್ನು ಪೆನ್ಸಿಲ್‌ನಲ್ಲಿ ತೆಗೆದುಕೊಳ್ಳುತ್ತಿದ್ದಳು. ಡಿಸ್ಕ್ ಹೋಗಿರಲಿಲ್ಲ, ಅಳಿಸಿದ್ದು ನಾನೇ ಎಂದು ನಿಂತಲ್ಲೇ ಹೇಳಿದೆ.

ಅವಳು ಲ್ಯಾಪ್‌ಟಾಪ್ ಎತ್ತಿ ತಿರುಗಿಸಿದಳು. ತಳದಲ್ಲಿ ನನ್ನದೇ ಅಕ್ಷರ: ರ‍್ಯಾಮ್ ೨ ಜಿಬಿ. ಬ್ಯಾಟರಿ ವೀಕ್. ಡಿಸ್ಕ್ ಸರಿ ಇದೆ.

"ಅವತ್ತೇ ಓದ್ದೆ" ಎಂದಳು. "ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ ಕಣೋ."

ಕಾದ ಆ ದಿನಗಳಲ್ಲೇ ಫೈಲುಗಳು ಹೋದವು ಎಂಬುದನ್ನೂ ಆಗ ಅವಳಿಗೆ ಹೇಳಬೇಕಾಯಿತು. ಮತ್ತೆ ಕಾಗದದ ಮೇಲೆ ಓಡತೊಡಗಿದ್ದ ಅವಳ ಪೆನ್ಸಿಲ್ ನಿಂತಿತು.

ಲ್ಯಾಪ್‌ಟಾಪನ್ನು ಅಂಗಡಿಗೆ ತಂದು, ಅಳಿಸಿದ ಡಿಸೈನ್‌ಗಳಲ್ಲಿ ಉಳಿದವನ್ನು ಎರಡು ದಿನ ಹುಡುಕಿದೆ. ನಲವತ್ತೊಂದು ಸಿಕ್ಕವು, ಹೆಸರುಗಳಿಲ್ಲದೆ. ಒಂದೊಂದನ್ನೂ ಬಟ್ಟೆಯ ಮೇಲೆ ಹೊಲಿದು ನೋಡಿ ಅಕ್ಕ ಗುರುತಿಸಿದಳು.

ಈಗ ನನ್ನ ಟೇಪಿನಲ್ಲಿ ಇನ್ನೊಂದು ಸಾಲಿಗೆ ಜಾಗ ಬಿಡುತ್ತೇನೆ. ನನ್ನ ಕೈಯಿಂದ ಕೆಟ್ಟದ್ದೇನಾದರೂ ಇದ್ದರೆ ಅಲ್ಲಿ ಬರೆದು, ಗಿರಾಕಿ ಎದುರಿಗೇ ಓದಿ ಹೇಳುತ್ತೇನೆ. ತಪ್ಪಾದ ಮೊದಲ ಗಂಟೆಯಲ್ಲಿ ಬಹಳಷ್ಟನ್ನು ಉಳಿಸಬಹುದು ಎಂದು ಈ ಕೆಲಸ ಕಲಿಸಿತು. ಅಕ್ಕ ಈಗಲೂ ಅದೇ ಲ್ಯಾಪ್‌ಟಾಪ್ ಬಳಸುತ್ತಾಳೆ. ತಳದ ಟೇಪನ್ನು ಅವಳು ಕಿತ್ತಿಲ್ಲ. ಕೀಳು ಎಂದು ನಾನೂ ಹೇಳಿಲ್ಲ.