ಹದಿನೇಳರಿಂದ ಭಾಗವಾದ ಮೂವತ್ತಮೂರು ಕೋಟಿ

ಕೊರೋನಾ ತಗ್ಗಿ ಶಾಲೆಗಳು ಪುನಃ ತೆರೆದ ವರ್ಷ. ನಾನು ಯರಗುಪ್ಪಿಯ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತವನಾದ್ದರಿಂದ ಸೂತ್ರಗಳನ್ನು ಶ್ಲೋಕರೂಪದಲ್ಲಿ ಹೇಳಿಸುವುದು ನನ್ನ ಪದ್ಧತಿ.

ತಪಾಸಣೆಗೆ ಬಂದ ವಿಷಯ ಪರಿವೀಕ್ಷಕರಿಗೆ ಅದು ರುಚಿಸಲಿಲ್ಲ. ಒಂಬತ್ತನೆಯ ತರಗತಿಯ ಎದುರಿಗೇ, “ಆಚಾರ್ರ, ನಿಮ್ಮ ಕೈಯಾಗ ಚಾಕ್‌ಪೀಸ್ ಯಾಕ? ಗುಡಿ ಗಂಟಿ ಹಿಡೀರಿ, ಒಪ್ಪತೈತಿ” ಎಂದರು. ಮಕ್ಕಳು ನಕ್ಕರು. ನಾನು ಕೈಮುಗಿದೆ. ಆ ನಗೆಯನ್ನು ಜನರ ಎದುರೇ ಅವರಿಗೆ ಹಿಂದಿರುಗಿಸದ ಹೊರತು ನನ್ನೊಳಗಿನ ಉರಿ ಆರುವುದಿಲ್ಲವೆಂದು ಅಂದೇ ತಿಳಿಯಿತು.

ಮರುವರ್ಷ ಕುಂದಗೋಳದಲ್ಲಿ ಗಣಿತ ಶಿಕ್ಷಕರ ತರಬೇತಿ ಏರ್ಪಟ್ಟಿತು. ಅಕ್ಷರ ದುಂಡಗಿದ್ದ ಕಾರಣ ತಾಲೂಕಿನ ಚಾರ್ಟುಗಳನ್ನು ಬರೆಯುವ ಕೆಲಸ ನನ್ನದೇ. ಶನಿವಾರ ಪಾಠ ಮಾಡಲಿದ್ದ ಅದೇ ಪರಿವೀಕ್ಷಕರ ಕರಡು ಗುರುವಾರ ಬಂತು. ಒಂದರಿಂದ ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವುದು ಅವಿಭಾಜ್ಯ ಸಂಖ್ಯೆ. 31, 331, 3331 ಎಂದು ಮುಂದೆ ಮೂರನ್ನು ಸೇರಿಸುತ್ತ ಹೋದರೆ ಎಲ್ಲವೂ ಅವಿಭಾಜ್ಯವೇ ಎಂಬುದು ಅವರು ತಾವೇ ಕಂಡುಕೊಂಡ ನಿಯಮ. ಎಂಟು ಅಂಕಿಗಳವರೆಗಿನ ಏಳು ಸಂಖ್ಯೆಗಳಿಗೆ ಅದು ಸತ್ಯ. ಅವರ ಕ್ಯಾಲ್ಕ್ಯುಲೇಟರಿನ ಪರದೆಯೂ ಎಂಟು ಅಂಕಿಗಳದ್ದೇ; ಮುಂದಿನದನ್ನು ಅವರು ನಂಬಿಕೆಯ ಮೇಲೆ ಬರೆದಿದ್ದರು.

ಒಂಬತ್ತು ಅಂಕಿಗಳ 33,33,33,331 ಅನ್ನು ನಾನು ಕಾಗದದ ಮೇಲೆ ಭಾಗಿಸಿದೆ. ಮೂರು, ಏಳು, ಹನ್ನೊಂದು, ಹದಿಮೂರರಲ್ಲಿ ಶೇಷ ಉಳಿಯಿತು. ಹದಿನೇಳರಲ್ಲಿ ಉಳಿಯಲಿಲ್ಲ, ಭಾಗಲಬ್ಧ 1,96,07,843. ಫೋನು ಪಕ್ಕದಲ್ಲೇ ಇತ್ತು. ಎತ್ತಲಿಲ್ಲ. ಆ ಸಂಖ್ಯೆಯನ್ನು ಚಾರ್ಟಿನ ನಡುವೆ, ಕೊನೆಯ ಬೆಂಚಿಗೂ ಕಾಣುವಂತೆ, ಕೆಂಪು ಶಾಯಿಯಲ್ಲಿ ಬರೆದೆ.

ಶನಿವಾರ ಸಭಾಂಗಣ ತುಂಬಿತ್ತು. ಪರಿವೀಕ್ಷಕರು ಕೋಲಿನಿಂದ ಚಾರ್ಟನ್ನು ತಟ್ಟಿದರು. “ಮೂವತ್ಮೂರು ಕೋಟಿ ದಾಟಿದ ಸಂಖ್ಯಾ ಇದು. ನಮ್ಮ ಆಚಾರ್ರ ಅಷ್ಟೂ ದೇವರು ಕೂಡಿ ಬಂದ್ರೂ ಭಾಗ ಆಗೂದಿಲ್ಲ.”

ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. “ಅಷ್ಟು ಮಂದಿ ಯಾಕ್ರಿ ಸರ್? ಹದಿನೇಳು ಸಾಕು. ಭಾಗಿಸಿ ನೋಡ್ರಿ.”

ಅವರು ನಗುತ್ತಲೇ ಕರಿಹಲಗೆಗೆ ತಿರುಗಿದರು. ಒಂದೊಂದೇ ಅಂಕಿ ಇಳಿಸುತ್ತ ಹೋದಂತೆ ಕೈ ನಿಧಾನವಾಯಿತು. ಹಿಂದಿನಿಂದ ಯಾರೋ ಕೇಳಿದರು: “ಶೇಷ ಎಷ್ಟು ಬಂತ್ರಿ ಸರ್? ಇಲ್ಲಿಗೆ ಕಾಣವಲ್ದು.” ಸಭಾಂಗಣ ಮತ್ತೆ ನಕ್ಕಿತು. ಈ ಸಲದ ನಗೆ ನನ್ನ ಮೇಲಲ್ಲ.

ಅವರು ನನ್ನ ಕಡೆ ನೋಡಿದರು. “ಚಾರ್ಟ್ ಬರದವರು ನೀವಲ್ರೀ? ಗೊತ್ತಿರಲಿಲ್ಲೇನು?”

“ಗುರುವಾರದಿಂದ ಗೊತ್ತದರಿ.”

ಏಳು ಉದಾಹರಣೆಗಳು ಸರಿಯಾದರೂ ಸಾಧಿಸಿ ತೋರಿಸದೆ ಎಂಟನೆಯದನ್ನು ನಂಬಬಾರದೆಂದು ಉಳಿದ ಸೇವಾವಧಿಯಲ್ಲೆಲ್ಲ ಮಕ್ಕಳಿಗೆ ಕಲಿಸಿದೆ. ವೃತ್ತಿ ನನಗೆ ಕಲಿಸಿದ ಇನ್ನೊಂದು ಪಾಠವನ್ನು ಕಲಿಸಲಿಲ್ಲ: ಒಬ್ಬರ ತಪ್ಪನ್ನು ತಿದ್ದದೆ ಅಂದವಾಗಿ ನಕಲು ಮಾಡಿಕೊಟ್ಟರೆ, ಬೇರೆ ಶಿಕ್ಷೆಯೇ ಬೇಕಾಗುವುದಿಲ್ಲ.

ಪ್ರತಿದಿನ ಪೂಜೆಯ ಕೊನೆಗೆ, ತಿಳಿದೂ ತಿಳಿಯದೆಯೂ ಮಾಡಿದ ಅಪರಾಧಗಳಿಗೆ ಕ್ಷಮೆ ಬೇಡುತ್ತೇನೆ. ಆ ಶನಿವಾರವನ್ನು ಅವುಗಳಲ್ಲಿ ಇದುವರೆಗೆ ಸೇರಿಸಿಲ್ಲ.