ಆ ಮಾದರಿ ಈಗ ಬರುವುದಿಲ್ಲ

ನಾನು ಜಗಳಗಂಟಿಯಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ, ಕಾಲನ್ನು ಅಲ್ಲಿಟ್ಟದ್ದು ನನ್ನದೇ ತಪ್ಪೇನೋ ಎಂದು ಹಿಂದಕ್ಕೆಳೆದುಕೊಳ್ಳುವ ಸ್ವಭಾವ. ಅಂಥ ನಾನು ಇದುವರೆಗೆ ನಾಲ್ಕು ಕೋಪದ ಪತ್ರಗಳನ್ನು ಬರೆದಿದ್ದೇನೆ. ನಾಲ್ಕೂ ಹೋದದ್ದು ಒಂದೇ ವಿಳಾಸಕ್ಕೆ. ಉತ್ತರ ಬಂದದ್ದು ಒಂದೇ ಒಂದು, ಅದೂ ಮೊದಲೇ ಅಚ್ಚು ಹಾಕಿಸಿ ಇಟ್ಟುಕೊಂಡದ್ದು. ಅದರಲ್ಲಿ ನನ್ನನ್ನು 'ಡಿಯರ್ ಸರ್' ಎಂದು ಕರೆದಿದ್ದರು. ಕೆಳಗೆ ಸಹಿ ಮಾಡಿದವರಿಗೆ ಪತ್ರ ಬರೆದವಳು ಹೆಂಗಸೆಂದು ತಿಳಿಯುವಷ್ಟೂ ಓದುವ ವ್ಯವಧಾನವಿರಲಿಲ್ಲ.

ಪತ್ರಗಳನ್ನು ಬರೆದದ್ದು ಒಂದು ಕಂಪ್ಯೂಟರಿನ ಸಲುವಾಗಿ. ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕೊರಟಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಕಾಲೇಜಿಗೆ ಒಂದು ಕಂಪ್ಯೂಟರೂ ಅದರ ಜೊತೆಗೆ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸೂ ಮಂಜೂರಾದವು. ಗಣಿತದವಳಿಗೆ ಇದು ತಾನಾಗಿಯೇ ಬರುತ್ತದೆ ಎಂಬ ನಂಬಿಕೆಯಿಂದ ಪ್ರಿನ್ಸಿಪಾಲರು ಅದನ್ನು ನನಗೆ ಒಪ್ಪಿಸಿದರು. ಹಾಡುವವಳಿಗೆ ಹಾರ್ಮೋನಿಯಂ ರಿಪೇರಿಯೂ ಬರಬೇಕು ಎನ್ನುವ ಹಾಗೆ. ಅದು ನೋಡಲು ದಪ್ಪನೆಯ ಟೈಪ್‌ರೈಟರಿನಂತಿತ್ತು. ಒಂದು ಟೀವಿಗೆ ಸೇರಿಸಬೇಕು. ಪಾಠಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಕ್ಯಾಸೆಟ್ ಹಾಕಿದರೆ ಗಂಟಲಿಗೆ ಮೂಳೆ ಸಿಕ್ಕಿಕೊಂಡ ಬೆಕ್ಕಿನಂತೆ ಐದು ನಿಮಿಷ ಕೀರಿ, ಆಮೇಲೆ ಕೆಲಸಕ್ಕೆ ಸಿದ್ಧವಾಗುತ್ತಿತ್ತು. ಇಡೀ ಕಾಲೇಜಿನಲ್ಲಿ ಸದ್ದು ಮಾಡದ ಫ್ಯಾನು ಇದ್ದದ್ದು ಆ ಕೋಣೆಯಲ್ಲಿ ಮಾತ್ರ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಿತ್ತು.

ಹೋದ ವರ್ಷ ಕಲಿಯಲು ಆರು ಹುಡುಗಿಯರು ಸೇರಿದರು. ಅವರಲ್ಲಿ ಕರಿಯಮ್ಮ ಎಂಬವಳು ಸಿರಾ ತಾಲ್ಲೂಕಿನ ತಾವರೆಕೆರೆ ಹತ್ತಿರದ ಒಂದು ಹಟ್ಟಿಯವಳು. ಅವಳ ಅಪ್ಪ ಈರಣ್ಣ ಕುರಿ ಸಾಕುವವನು. ಅವಳು ಮಧುಗಿರಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಉಳಿದ ಐದು ಜನ ಮದುವೆಗೆ ಮುಂಚೆ ಏನಾದರೂ ಕಲಿತಿರಲಿ ಎಂದು ಬಂದವರು. ಕರಿಯಮ್ಮ ಬಂದದ್ದಕ್ಕೆ ಖಚಿತವಾದ ಕಾರಣವಿತ್ತು. ಸಿರಾದ ಒಂದು ಕಚೇರಿಗೆ ಕಂಪ್ಯೂಟರ್ ಬರುವುದಿತ್ತು. ಸರ್ಟಿಫಿಕೇಟ್ ಇದ್ದವರನ್ನು ತೆಗೆದುಕೊಳ್ಳುವುದಾಗಿ ಅಲ್ಲಿಯವರು ಹೇಳಿದ್ದರು. ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುವ ಕೆಲಸ. ಹಟ್ಟಿಯಿಂದ ಅಂಥ ಕೆಲಸಕ್ಕೆ ಹೋದ ಹೆಣ್ಣು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವಳು ಕೋಣೆಗೆ ಬಂದರೆ ಮೊದಲು ಕೈ ಒರೆಸಿಕೊಳ್ಳುತ್ತಿದ್ದಳು, ಆಮೇಲೆ ಕುರ್ಚಿ ಎಳೆಯುತ್ತಿದ್ದಳು. ನನಗೆ ಶಿಷ್ಯರಲ್ಲಿ ಭೇದ ಮಾಡಿ ಅಭ್ಯಾಸವಿಲ್ಲ. ಆದರೂ ಆ ಒಂದು ಕೈ ಒರೆಸಿಕೊಳ್ಳುವಿಕೆಗೆ ಸೋತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಇನ್ನು ನನ್ನ ತಪ್ಪು. ಕಂಪನಿಯವರನ್ನು ಬೈಯುವ ಮೊದಲು ಅದನ್ನು ಹೇಳಿಬಿಡುವುದು ನ್ಯಾಯ. ಆಯುಧಪೂಜೆಯ ದಿನ ಪ್ರಯೋಗಾಲಯದ ತಕ್ಕಡಿ, ಆಫೀಸಿನ ಟೈಪ್‌ರೈಟರು, ಗಂಟೆ ಹೊಡೆಯುವ ಕಬ್ಬಿಣದ ತುಂಡು ಎಲ್ಲಕ್ಕೂ ಪೂಜೆಯಾಗಿ ಮೆರವಣಿಗೆ ಕಂಪ್ಯೂಟರ್ ಕೋಣೆಗೆ ಬಂತು. ಅಟೆಂಡರ್ ವೆಂಕಟಪ್ಪ ಗಂಧ ಕುಂಕುಮದ ತಟ್ಟೆಯನ್ನು ನನ್ನ ಕೈಗಿತ್ತ. ಅವನು ಪಾವಗಡದ ಕಡೆಯವನು, ಅರ್ಧ ಮಾತು ತೆಲುಗು.

"ನೀವೇ ಇಡ್ರಿ ಮೇಡಂ, ಇದು ನಿಮ್ಮ ಬಿಡ್ಡ. ಆಡವಾಳ್ಳ ಚೆಯ್ಯಿ ಮಂಚಿದಿ." ಯಂತ್ರ ನನ್ನ ಕೂಸು, ಹೆಂಗಸಿನ ಕೈ ಒಳ್ಳೆಯದು ಎಂದು ಅವನ ಭಾವ.

ಎಂ.ಎಸ್ಸಿ. ಓದಿದ ನಾನು, ವಿದ್ಯುತ್ತಿಗೂ ನೀರಿಗೂ ಆಗಿಬರುವುದಿಲ್ಲವೆಂದು ಬಲ್ಲ ನಾನು, ಎಲ್ಲರೂ ಕಾಯುತ್ತಿದ್ದಾರಲ್ಲ ಎಂಬ ಸಂಕೋಚಕ್ಕೆ ತಟ್ಟೆ ಹಿಡಿದೆ. ಬೊಟ್ಟಿಡಲು ಜಾಗ ಹುಡುಕಿದೆ. ಅಕ್ಷರಗಳ ಕೀಲಿಗಳೆಲ್ಲ ಚಿಕ್ಕವು. ಬಲಗಡೆ ಒಂದು ಅಗಲವಾದ ಕೀಲಿ ಇತ್ತು. ಹಣೆಯ ಹಾಗೆ ಹರವಾಗಿ, ಇಲ್ಲೇ ಇಡು ಎನ್ನುವಂತಿತ್ತು. ತೇವದ ಗಂಧ ಇಟ್ಟು, ಅದರ ಮೇಲೆ ಕುಂಕುಮ ಒತ್ತಿದೆ. ತುಂಬ ಚೆನ್ನಾಗಿ ಕಾಣುತ್ತಿತ್ತು. ವೆಂಕಟಪ್ಪ ಹೂವನ್ನೂ ಏರಿಸಿದ.

ಆ ಕೀಲಿಯೇ ಯಂತ್ರಕ್ಕೆ 'ಹೂಂ, ಮಾಡು' ಎಂದು ಅಪ್ಪಣೆ ಕೊಡುವ ಕೀಲಿ. ಏನೇ ಬರೆದರೂ ಕೊನೆಗೆ ಅದನ್ನು ಒತ್ತದಿದ್ದರೆ ಯಂತ್ರ ಕೇಳಿಸಿಕೊಂಡು ಸುಮ್ಮನೆ ಕೂರುತ್ತದೆ. ಗಂಧದ ನೀರು ಮೆಲ್ಲಗೆ ಒಳಗಿಳಿದಿರಬೇಕು. ದೀಪಾವಳಿ ಹೊತ್ತಿಗೆ ಹತ್ತು ಸಲ ಒತ್ತಿದರೆ ಎರಡು ಸಲ, ಆಮೇಲೆ ಒಂದು ಸಲ, ಸಂಕ್ರಾಂತಿಗೆ ಪೂರ್ತಿ ಮೌನ.

ನಾನು ಅಷ್ಟೇನೂ ಹೆದರಲಿಲ್ಲ. ನಮ್ಮ ಸೀಮೆಯಲ್ಲಿ ವಸ್ತುಗಳು ಸಾಯುವುದು ಬಹಳ ಕಷ್ಟ. ನಾನು ದಿನಾ ಕೂರುವ ಬಸ್ಸಿನ ಎಂಜಿನ್ ಒಂದು ಬಸ್ಸಿನದು, ಬಾಗಿಲು ಇನ್ನೊಂದರದು, ಹಾರನ್ ಯಾವುದೋ ಲಾರಿಯದು. ಅದರ ಡ್ರೈವರನ ವಿನಾ ಅದು ಯಾರ ಮಾತೂ ಕೇಳುವುದಿಲ್ಲ, ಆದರೆ ಎಂಟು ಗಂಟೆಗೆ ಸರಿಯಾಗಿ ಹೊರಡುತ್ತದೆ. ನಮ್ಮ ಅಜ್ಜಿಯ ಸೀಮೆಎಣ್ಣೆ ಸ್ಟೌವು ಮಾಡಿದವರ ಹೆಸರು ಅಳಿಸಿಹೋಗಿ ಎಷ್ಟೋ ಕಾಲವಾಗಿದೆ. ಅದರ ವಾಷರ್ ಕೊರಟಗೆರೆಯ ಸಂತೆಯಲ್ಲಿ ಇವತ್ತಿಗೂ ಸಿಗುತ್ತದೆ. ಹಾಗಿರುವಾಗ ಮೂರು ವರ್ಷದ ಯಂತ್ರಕ್ಕೆ ಒಂದು ಕೀಲಿ ಸಿಗದೆ ಇರುತ್ತದೆಯೇ ಎಂದುಕೊಂಡೆ. ಮೊದಲು ಅದನ್ನು ಸಿರಾದ ಬಷೀರ್ ಸಾಹೇಬರ ಅಂಗಡಿಗೆ ಒಯ್ದೆ. ಅವರು ರೇಡಿಯೊ ರಿಪೇರಿಯಲ್ಲಿ ತಲೆ ನರೆಸಿದವರು. ಕನ್ನಡಕ ಮೇಲೇರಿಸಿ ಯಂತ್ರದ ಹೊಟ್ಟೆ ಬಿಚ್ಚಿದರು.

"ಬೀಮಾರಿ ಸಣ್ಣದೇ ಮೇಡಂ. ಕೀಲಿ ಅಡಿ ರಬ್ಬರು ಕೊಳೆತೈತೆ. ಕಂಪನಿಯಿಂದ ಆ ರಬ್ಬರ್ ಒಂದು ತರಿಸಿಕೊಡಿ, ಐದು ಮಿನಿಟಿನ ಕೆಲಸ."

ಅಲ್ಲಿಯತನಕ ಇರಲಿ ಎಂದು ಸೈಕಲ್ಲಿನ ವಾಲ್‌ಟ್ಯೂಬ್ ಕತ್ತರಿಸಿ, ಸಿಗರೇಟಿನ ಬೆಳ್ಳಿಕಾಗದ ಅಂಟಿಸಿ ಕೂರಿಸಿಕೊಟ್ಟರು. ಅದು ಒಂಬತ್ತು ದಿನ ನಡೆಯಿತು.

ಹೀಗೆ ಪತ್ರಗಳು ಶುರುವಾದವು. ಮೊದಲನೆಯದರಲ್ಲಿ 'ದಯವಿಟ್ಟು' ಎರಡು ಸಲ ಇತ್ತು. ಎರಡನೆಯದರಲ್ಲಿ ಒಂದು ಸಲ. ಮೂರನೆಯದರಲ್ಲಿ ಇರಲಿಲ್ಲ. ಆಗ ಬಂತು ಉತ್ತರ: ತಾವು ತಿಳಿಸಿರುವ ಮಾದರಿಯ ತಯಾರಿಕೆಯನ್ನು ಇಂಥ ತಿಂಗಳಿನಿಂದ ನಿಲ್ಲಿಸಲಾಗಿದೆ, ಬಿಡಿಭಾಗಗಳು ಲಭ್ಯವಿಲ್ಲ, ನಮ್ಮ ಹೊಸ ಮಾದರಿಯನ್ನು ತಮಗೆ ಪರಿಚಯಿಸಲು ಹರ್ಷಿಸುತ್ತೇವೆ. ಜೊತೆಗೆ ನುಣುಪು ಕಾಗದದ ಒಂದು ಬಣ್ಣದ ಹಾಳೆ. ಅದರಲ್ಲಿ ಒಬ್ಬಳು ಹೆಂಗಸು ಹೊಸ ಯಂತ್ರದ ಮೇಲೆ ಕೈಯಿಟ್ಟು ನಗುತ್ತಿದ್ದಳು. ಹಳೆಯ ಕ್ಯಾಸೆಟ್ಟುಗಳು ಹೊಸದರಲ್ಲಿ ನಡೆಯುವುದಿಲ್ಲವೆಂದು ಅವಳ ಕಾಲ ಬಳಿ ಇರುವೆಯಷ್ಟು ಅಕ್ಷರಗಳಲ್ಲಿ ಬರೆದಿತ್ತು.

ನಾನು ಕೋಪದಲ್ಲಿಯೂ ಲೆಕ್ಕ ಬಿಡುವವಳಲ್ಲ. ಅವರು ಹೇಳಿದ ತಿಂಗಳನ್ನು ನಮ್ಮ ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಿದೆ. ಅವರು ತಯಾರಿಕೆ ನಿಲ್ಲಿಸಿದ್ದು ನಮಗೆ ಯಂತ್ರ ಬಂದ ವರ್ಷದ ಯುಗಾದಿಗೆ. ನಮಗೆ ಮಾರಿದ್ದು ಅದೇ ವರ್ಷದ ಶ್ರಾವಣದಲ್ಲಿ. ಅಂದರೆ ನಾವು ಹಾರ ಹಾಕಿ, ಚಪ್ಪಲಿ ಬಿಟ್ಟು, ತೆಂಗಿನಕಾಯಿ ಒಡೆದು ಬರಮಾಡಿಕೊಂಡದ್ದು ಅವರು ಆಗಲೇ ಕೈಬಿಟ್ಟಿದ್ದ ವಸ್ತುವನ್ನು. ಗಂಧ ಇಟ್ಟ ನನ್ನ ತಪ್ಪಿಗೆ ನಾನು ಆ ಹೊತ್ತಿನವರೆಗೆ ನಾಚುತ್ತಿದ್ದೆ. ಆಮೇಲೆ ನಾಚಲಿಲ್ಲ.

ನನ್ನ ತಂದೆ ಕನ್ನಡ ಪಂಡಿತರಾಗಿದ್ದವರು. ಹಳಗನ್ನಡದಲ್ಲಿ 'ೞ' ಎಂಬ ಒಂದು ಅಕ್ಷರವಿತ್ತು, ಈಗಿಲ್ಲ ಎಂದು ಚಿಕ್ಕಂದಿನಲ್ಲಿ ನನಗೆ ಬರೆದು ತೋರಿಸಿದ್ದರು. ಅದು ಮರೆಯಾಗಲು ಶತಮಾನಗಳು ಬೇಕಾದವು. ಕೆಲವರು ಬಿಟ್ಟರು, ಕೆಲವರು ಹಟ ಹಿಡಿದು ಬರೆಯುತ್ತಲೇ ಇದ್ದರು, ಕಲ್ಲಿನ ಮೇಲೆ ಇವತ್ತಿಗೂ ನಿಂತಿದೆ. ಇಂಥ ತಿಂಗಳಿನಿಂದ ಈ ಅಕ್ಷರ ಲಭ್ಯವಿಲ್ಲ ಎಂದು ಯಾರೂ ಯಾರಿಗೂ ಕಾಗದ ಬರೆಯಲಿಲ್ಲ. ಹೊಸದು ಬರಬಾರದೆಂದು ನಾನು ಹೇಳುತ್ತಿಲ್ಲ. ಹಳೆಯದಕ್ಕೆ ಹಳೆಯದಾಗಲು ಸ್ವಲ್ಪ ಸಮಯ ಕೊಡಬೇಡವೇ ಎಂದಷ್ಟೇ ಕೇಳುತ್ತಿದ್ದೇನೆ.

ಅದೇ ವಾರ ಈರಣ್ಣ ಮಗಳನ್ನು ನೋಡಲು ಬಂದ. ಹೆಗಲ ಕಂಬಳಿ ಬಾಗಿಲಲ್ಲೇ ಇಟ್ಟು, ಯಂತ್ರವನ್ನು ಒಂದು ಸುತ್ತು ಬಂದು ನೋಡಿದ. ಕರಿಯಮ್ಮ ಅವನಿಗೆ ಯುಗಾದಿ-ಶ್ರಾವಣದ ಕಥೆ ಹೇಳಿದಳು.

"ತರಾಕ್ ಮುಂಚೆ ಹಲ್ಲು ನೋಡಿದ್ರೇನಮ್ಮ?" ಎಂದು ನನ್ನನ್ನು ಕೇಳಿದ.

ನಾನು ಅವನಿಗೆ ಕುರ್ಚಿ ಎಳೆದೆ.

"ಕುರಿ ತಕಳ್ಳಾಗ ನಾವು ಬಾಯಿ ಬುಡ್ಸಿ ಹಲ್ಲು ನೋಡ್ತೀವಿ ಕಣಮ್ಮ. ಎಷ್ಟ್ ವರ್ಸುದ್ದು ಅಂತ ಹಲ್ಲೇ ಹೇಳ್ತದೆ. ಹಲ್ ಉದ್ರಿರಾದ್ನ ಎಳೇದು ಅಂತ ಮಾರ್‌ಬುಟ್ರೆ, ಆಮ್ಯಾಕೆ ಸಂತೇಲಿ ಅವ್ನತ್ರ ಯಾರೂ ಬೀಡಿ ಬೆಂಕಿನೂ ಕೇಳಕಿಲ್ಲ."

"ಇದಕ್ಕೆ ಹಲ್ಲು ಇಲ್ಲ ಈರಣ್ಣ" ಎಂದೆ.

"ಮಾರ್ದೋನ್ಗೆ ಇದ್ವಲ್ಲ" ಎಂದ.

ಬೇಸಿಗೆಗೆ ಕೋರ್ಸು ಮಂಜೂರು ಮಾಡಿದವರಿಂದ ಒಂದು ಸುತ್ತೋಲೆ ಬಂತು. ಆ ಮಾದರಿಯೇ ಇಲ್ಲವಾದ್ದರಿಂದ ಅದರ ಕೋರ್ಸನ್ನೂ ನಿಲ್ಲಿಸಿದ್ದಾರೆ. ಈ ಸಲದ ಪರೀಕ್ಷೆಯೇ ಕೊನೆ. ತೇರ್ಗಡೆಯಾಗದವರಿಗೆ ಮತ್ತೆ ಅವಕಾಶವಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಉಳಿದದ್ದು ಹದಿನೈದು ದಿನ. ನಮ್ಮಲ್ಲಿದ್ದದ್ದು ಅಪ್ಪಣೆ ಕೇಳದ ಒಂದು ಯಂತ್ರ.

ಆ ಹೊತ್ತಿಗೆ ಕಂಪನಿಯ ಒಬ್ಬ ಪ್ರತಿನಿಧಿ ಬಂದ. ನನ್ನ ಪತ್ರಗಳನ್ನು ನೋಡಿ ಬಂದನೆಂದು ನಾನು ಒಂದು ನಿಮಿಷ ಸಂತೋಷಪಟ್ಟೆ. ಅವನು ಹೊಸ ಮಾದರಿ ಮಾರಲು ಪಾವಗಡಕ್ಕೆ ಹೊರಟಿದ್ದ, ನಡುವೆ ಇಳಿದಿದ್ದ. ಕೊರಳಿಗೆ ಟೈ, ಕಂಕುಳಲ್ಲಿ ಅದೇ ನಗುವ ಹೆಂಗಸಿನ ಹಾಳೆಗಳ ಕಟ್ಟು. ನಮ್ಮ ಯಂತ್ರವನ್ನು ಕಂಡು ಅವನ ಮುಖ ಅರಳಿತು.

"ಓಹೋ, ಇದು ಇನ್ನೂ ಇದೆಯಾ ನಿಮ್ಮಲ್ಲಿ. ನಮ್ಮ ಆಫೀಸಲ್ಲೂ ಒಂದಿದೆ ಮೇಡಂ, ಗಾಜಿನ ಬೀರುವಿನಲ್ಲಿ ಇಟ್ಟಿದೀವಿ."

"ಹಾಗಾದರೆ ಅದರದೊಂದು ಕೀಲಿ ಬಿಚ್ಚಿ ಕಳಿಸಿ."

"ಅದು ನೋಡೋಕೆ ಇಟ್ಟಿರೋದು ಮೇಡಂ, ಬಿಚ್ಚೋ ಹಾಗಿಲ್ಲ. ನೀವು ಹೊಸದಕ್ಕೆ ಬರೀರಿ, ಎಷ್ಟು ಫಾಸ್ಟ್ ಗೊತ್ತಾ."

ಟೀ ತಂದಿಟ್ಟ ವೆಂಕಟಪ್ಪ ಲೋಟ ಬಿಡದೆ ನಿಂತ. "ಕೊತ್ತದಿ ಒದ್ದು ಸಾರ್. ಪಾತದಿಕ್ಕೇ ಒಂದು ಕೀ ಕೊಡ್ರಿ, ಚಾಲು" ಎಂದ. ಹೊಸದು ಬೇಡ, ಹಳೆಯದಕ್ಕೆ ಒಂದು ಕೀಲಿ ಸಾಕು ಎಂದು ಅರ್ಥ. ನನ್ನ ಮೂರು ಪತ್ರಗಳ ಸಾರಾಂಶ ಇದಕ್ಕಿಂತ ಚೆನ್ನಾಗಿ ಆಗುವುದಿಲ್ಲ. ಆ ಪ್ರತಿನಿಧಿ ನಕ್ಕು, ಟೀ ಕುಡಿದು, ಪಾವಗಡದ ಬಸ್ಸು ಹಿಡಿದ.

ಕೊನೆಗೆ ದಾರಿ ಕಂಡವಳು ಕರಿಯಮ್ಮ. ಪರೀಕ್ಷೆಗೆ ಐದು ದಿನ ಇರುವಾಗ ಬೆಳಿಗ್ಗೆ ನನ್ನನ್ನು ಕೋಣೆಗೆ ಕರೆದಳು. ಎಡಗೈಯಲ್ಲಿ ಮೂಲೆಯ ಒಂದು ಕೀಲಿ ಒತ್ತಿ ಹಿಡಿದು, ಬಲಗೈಯಲ್ಲಿ 'ಎಂ' ಅಕ್ಷರ ಒತ್ತಿದಳು. ಯಂತ್ರ ಅಪ್ಪಣೆ ಪಾಲಿಸಿತು. ಸತ್ತ ಕೀಲಿಯ ಕೆಲಸವನ್ನು ಈ ಎರಡು ಕೀಲಿಗಳು ಸೇರಿ ಮಾಡುತ್ತಿದ್ದವು. ಕಂಪನಿ ಕೊಟ್ಟ ಪುಸ್ತಕದಲ್ಲಿ ಇದರ ಸೊಲ್ಲೇ ಇರಲಿಲ್ಲ. ಆ ಪ್ರತಿನಿಧಿಯೂ ಹೇಳಲಿಲ್ಲ. ಅವನಿಗೆ ಗೊತ್ತಿದ್ದರೆ ತಾನೆ. ಅವಳ ನೋಟುಪುಸ್ತಕದಲ್ಲಿ ನಾಲ್ಕು ಪುಟ ತುಂಬ ಜೋಡಿ ಜೋಡಿ ಕೀಲಿಗಳ ಹೆಸರು ಬರೆದು, ಒಂದೊಂದನ್ನೇ ಹೊಡೆದುಹಾಕಿತ್ತು.

"ಹೆಂಗೆ ಸಿಕ್ತು?" ಎಂದು ನಾನೂ ಅವಳ ಧಾಟಿಯಲ್ಲೇ ಕೇಳಿಬಿಟ್ಟೆ.

"ಕಳ್ದೋಗಿರ ಕುರಿ ಹುಡುಕ್ದಂಗೆ ಮೇಡಂ. ಒಂದ್ ಪೊದೆನೂ ಬುಡ್ನಿಲ್ಲ."

ಪರೀಕ್ಷೆಗೆ ತುಮಕೂರಿನಿಂದ ಬಂದವರು, "ಏನಮ್ಮಾ, ಅಷ್ಟು ದೊಡ್ಡ ಕೀಲಿ ಬಿಟ್ಟು ಎರಡು ಕೈಯಲ್ಲಿ ಯಾಕೆ ಒದ್ದಾಡ್ತೀಯ" ಎಂದು ಅವಳನ್ನು ಕೇಳಿದರು. "ಅದ್ಕೆ ಉಸಾರಿಲ್ಲ ಸಾರ್" ಎಂದಳು. ಆರೂ ಜನ ತೇರ್ಗಡೆಯಾದರು. ಕರಿಯಮ್ಮ ಮೊದಲಿಗಳು.

ಇಲ್ಲಿಗೆ ಮುಗಿದಿದ್ದರೆ ನಾನು ನಾಲ್ಕನೆಯ ಪತ್ರ ಬರೆಯುತ್ತಿರಲಿಲ್ಲ. ಸರ್ಟಿಫಿಕೇಟ್ ಬಂದ ಮೇಲೆ ಅವಳ ಜೊತೆ ಸಿರಾಕ್ಕೆ ನಾನೂ ಹೋದೆ. ಕಚೇರಿಯಲ್ಲಿದ್ದವರು ಕೆಟ್ಟವರಲ್ಲ. ಕೂರಿಸಿದರು, ಸರ್ಟಿಫಿಕೇಟನ್ನು ಪೂರ್ತಿ ಓದಿದರು. ಅದರ ನಡುವೆ ನಮ್ಮ ಯಂತ್ರದ ಮಾದರಿಯ ಹೆಸರು ದಪ್ಪಕ್ಷರದಲ್ಲಿತ್ತು. ಅವರ ಬೆರಳು ಅಲ್ಲಿ ನಿಂತಿತು.

"ಇದು ಹಳೇ ಮಿಷನ್ದು ಕಣಮ್ಮ. ನಮಗೆ ಬರ್ತಾ ಇರೋದು ಹೊಸಾ ಮಾಡ್ಲು."

"ಅಕ್ಸರ ಅವೇ ಅಲ್ವಾ ಸಾರ್" ಎಂದಳು ಕರಿಯಮ್ಮ.

"ಅಕ್ಷರ ಅವೇ. ಸರ್ಟಿಫಿಕೇಟು ಬೇರೆ. ನಾನೇನ್ ಮಾಡ್ಲಿ ಹೇಳು. ಆಷಾಢ ಕಳೆದ್ಮೇಲೆ ತಗೊಳ್ತೀವಿ, ಅಷ್ಟರೊಳಗೆ ಹೊಸದರದ್ದು ಮಾಡ್ಕೊಂಡು ಬಾ."

ಹಿಂದಿರುಗುವಾಗ ಅವಳು ಸರ್ಟಿಫಿಕೇಟನ್ನು ಮಡಿಸದೆ ಎರಡು ಅಂಗೈಯ ಮೇಲೆ ಹಿಡಿದುಕೊಂಡೇ ನಿಂತಿದ್ದಳು. ಬಸ್ಸಿನಲ್ಲಿ ಜಾಗವಿರಲಿಲ್ಲ. ನನಗೆ ಆಗ ತಿಳಿಯಿತು, ಕಂಪನಿಯವರು ನಿಲ್ಲಿಸಿದ್ದು ಒಂದು ಯಂತ್ರವನ್ನಲ್ಲ. ಆ ಯಂತ್ರಕ್ಕೆ ಕೈ ಒರೆಸಿಕೊಂಡು ಕುಳಿತವರನ್ನೆಲ್ಲ ಅದರ ಜೊತೆಗೇ ಪಟ್ಟಿಯಿಂದ ತೆಗೆದುಹಾಕಿದ್ದರು. ಅವರಿಗೆ ಇವಳ ಹೆಸರು ಗೊತ್ತಿಲ್ಲ. ಗೊತ್ತಿದ್ದು ಮಾಡಿದ್ದರೆ ದ್ವೇಷವಾದರೂ ಆಗುತ್ತಿತ್ತು, ಉತ್ತರ ಕೊಡಬಹುದಿತ್ತು. ಇದಕ್ಕೆ ಏನೆಂದು ಉತ್ತರ ಕೊಡುವುದು? ನಾಲ್ಕನೆಯ ಪತ್ರದಲ್ಲಿ ನಾನು ಇದನ್ನೇ ಬರೆದೆ. ಅಚ್ಚಾದ ಉತ್ತರವೂ ಬರಲಿಲ್ಲ.

ಹೊಸ ಮಾದರಿಯ ಪರೀಕ್ಷೆಗೆ ಹೊರಗಿನಿಂದಲೂ ಕಟ್ಟಬಹುದಂತೆ. ಅಧ್ಯಾಪಕರಿಗೆ ಹತ್ತು ದಿನದ ತರಬೇತಿ ಇತ್ತು. ಕಾಲೇಜಿನಿಂದ ನನ್ನನ್ನು ಕಳಿಸಿದರು, ಕಾಲೇಜಿಗೆ ಹೊಸ ಯಂತ್ರವನ್ನು ಮಾತ್ರ ಯಾರೂ ಕಳಿಸಲಿಲ್ಲ. ಹೀಗಾಗಿ ಈಗ ಪ್ರತಿ ಭಾನುವಾರ ಬೆಳಿಗ್ಗೆ ಕರಿಯಮ್ಮ ಎರಡು ಬಸ್ಸು ಬದಲಿಸಿ ಕೊರಟಗೆರೆಯ ನಮ್ಮ ಮನೆಗೆ ಬರುತ್ತಾಳೆ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಹೊಸ ಯಂತ್ರದ ಕೀಲಿಗಳನ್ನೆಲ್ಲ ನಾನು ಅಳತೆಗೆ ಸರಿಯಾಗಿ ಬರೆದಿದ್ದೇನೆ. ಅವಳು ಅದರ ಮೇಲೆ ಬೆರಳಿಡುತ್ತಾಳೆ. ಪರದೆಯ ಮೇಲೆ ಏನು ಬರುತ್ತದೆಂದು ನಾನು ಬಾಯಲ್ಲಿ ಹೇಳುತ್ತೇನೆ. ತಪ್ಪು ಒತ್ತಿದರೆ, "ತಪ್ಪು" ಎನ್ನುತ್ತೇನೆ. ನಾನೇ ಕಂಪ್ಯೂಟರ್.

ಮೊದಲ ಭಾನುವಾರ ಅವಳು ಹೊಸ ನೋಟುಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಬರೆಯುವ ಮೊದಲು ಒಂದು ಮಾತು ಕೇಳಿದಳು. "ಇದ್ನ ಎಷ್ಟ್ ವರ್ಸ ಇಟ್ಕಂಡಿರ್ತಾರೆ ಮೇಡಂ?"

ನನಗೆ ಗೊತ್ತಿಲ್ಲ ಎಂದೆ. ಅವಳು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು, ಚೀಲದಿಂದ ಪೆನ್ಸಿಲ್ ತೆಗೆದಳು.