ಕಡಲ ಒಡ್ಡಿನ ಮೇಲೆ ಹಿಲ್ಕೆ ಎಳೆದ ಕೆಂಪು ಗೆರೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ಯೂಡರ್‌ಸೀಲ್ ಊರಿನ ಕಡಲ ಒಡ್ಡಿನ ನೆತ್ತಿಯ ಮೇಲೆ ಹಿಲ್ಕೆ ಉಬ್ಬೆನ್ ಒಬ್ಬರೇ ನಡೆಯುತ್ತಿದ್ದಾರೆ. ಕೈಯಲ್ಲಿ ತಮಗಿಂತ ಎತ್ತರದ ಅಳತೆಕೋಲು, ಅದರ ತುದಿಯಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಬಿಳಿ ಡಬ್ಬಿ. ಕೋಲನ್ನು ಹುಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ, ಅದು ಕುಂಯ್ ಎನ್ನುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಎಡಗಡೆ ಉಬ್ಬರದ ನೀರು ಒಡ್ಡಿನ ಬುಡ ನೆಕ್ಕುತ್ತಿದೆ. ಬಲಗಡೆ, ಆ ನೀರಿಗಿಂತ ತಗ್ಗಿನಲ್ಲಿ, ಇಟ್ಟಿಗೆ ಮನೆಗಳು, ಶಾಲೆ, ಕೊಟ್ಟಿಗೆಗಳು. ಅಡುಗೆಮನೆಯ ದೀಪಗಳು ಹೊತ್ತಿಕೊಳ್ಳುತ್ತಿವೆ.

"ಬಲಗಡೆ ನೋಡ್ಬಾರ್ದು ಅಂದ್ಕೋತೀನಿ. ಆದ್ರೂ ಕಣ್ಣು ಅಲ್ಲಿಗೇ ಹೋಗುತ್ತೆ. ಇಷ್ಟು ಜನ ಇಷ್ಟು ಕೆಳಗೆ ಮಲಗಿದಾರಲ್ಲಾ," ಎನ್ನುತ್ತಾರೆ.

ಐವತ್ತು ದಾಟಿದ ಹಿಲ್ಕೆಗೆ ಇದು ಒಡ್ಡನ್ನು ನೋಡಿಕೊಳ್ಳುವ ಸಂಘದ ನೌಕರಿ. ಒಡ್ಡು ಎಲ್ಲಿ ಕುಸಿದಿದೆ, ಮೊಲ ಎಲ್ಲಿ ಬಿಲ ತೋಡಿದೆ, ಎಲ್ಲಿ ನೀರು ಜಿನುಗುತ್ತಿದೆ ಎಂದು ನಡೆದು, ಅಳೆದು ನಕ್ಷೆಗೆ ಏರಿಸಬೇಕು. ಗಟ್ಟಿ ಇದ್ದಲ್ಲಿ ಹಸಿರು, ಅನುಮಾನ ಇದ್ದಲ್ಲಿ ಹಳದಿ. ಕೆಂಪು ಎಂದರೆ ಕಡಲು ಇನ್ನಷ್ಟು ಏರುವ ಮೊದಲೇ ಅಲ್ಲಿ ಒಡ್ಡನ್ನು ಎತ್ತರಿಸಬೇಕು. ಎತ್ತರಿಸಿದರೆ ಬುಡವೂ ಊರಿನ ಕಡೆಗೆ ಅಗಲವಾಗುತ್ತದೆ. ಅಲ್ಲಿ ಮನೆಯಿದ್ದರೆ ಮನೆ ಹೋಗುತ್ತದೆ.

ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಮಂಡಿ ಸವೆದಿದೆ, ಚಳಿಗಾಲದಲ್ಲಿ ಬೆರಳು ಮಡಚಲು ಬರುವುದಿಲ್ಲ. ಈ ಕೆಲಸಕ್ಕೆ ಬರುವ ಮೊದಲು ಬೇಕರಿಯಲ್ಲಿದ್ದರು. ಬೆಚ್ಚಗಿನ ಒಲೆ ಬಿಟ್ಟು ಇಲ್ಲಿಗೇಕೆ ಬಂದಿರಿ ಎಂದರೆ ತಾಯಿಯ ಮಾತು ಎತ್ತುತ್ತಾರೆ. ತಾಯಿ ಚಿಕ್ಕವರಿದ್ದಾಗ ಒಡ್ಡು ಒಡೆದು ನೀರು ನುಗ್ಗಿತ್ತು. ಅಟ್ಟ ಹತ್ತಿ ಕೂತ ಮಗುವಿಗೆ ಕೆಳಗೆ ಕಟ್ಟಿದ್ದ ಹಸುಗಳ ಕೂಗು ಒಂದೊಂದಾಗಿ ನಿಂತದ್ದು ಕೇಳಿಸಿತ್ತು. "ಅಮ್ಮ ಸಾಯೋವರೆಗೂ ಗಾಳಿ ಎದ್ದ ರಾತ್ರಿ ಮಂಚದ ಮೇಲೆ ಮಲಗ್ತಿರ್ಲಿಲ್ಲ, ಅಟ್ಟ ಹತ್ತಿ ಕೂತಿರ್ತಿದ್ಲು. ಆ ಹೆದರಿಕೆ ನನಗೂ ಬಂದ್ಬಿಟ್ಟಿದೆ."

ಕಳೆದ ಬೇಸಿಗೆಯಲ್ಲಿ ಒಡ್ಡಿನ ಒಂದು ಭಾಗ ತಗ್ಗಾಗಿರುವುದು ಅವರ ಕೋಲಿಗೆ ಸಿಕ್ಕಿತು. ಅದರ ಬುಡದಲ್ಲೇ ಕುರಿ ಸಾಕುವ ಫೊಕ್ಕೊ ಪೊಪ್ಪಿಂಗಾ ಅವರ ಮನೆ. ಹಿಲ್ಕೆಯನ್ನು ಈಗಲೂ 'ಹುಡುಗಿ' ಎಂದೇ ಕರೆಯುವ ಮುದುಕ. ಅಲ್ಲಿಯವರೆಗೆ ದಿನಾ ಅವರ ಅಡುಗೆಮನೆಯಲ್ಲಿ ಇಬ್ಬರಿಗೂ ಕಲ್ಲುಸಕ್ಕರೆ, ಕೆನೆ ಹಾಕಿದ ಚಹಾ.

"ಹಳದಿ ಹಾಕು ಹುಡುಗಿ. ನಾನು ಸತ್ತ ಮೇಲೆ ಕೆಂಪು ಬಳ್ಕೋ," ಎಂದರು ಫೊಕ್ಕೊ.

"ನೀನು ಸಾಯೋದನ್ನ ಕಡಲು ಕಾಯುತ್ತಾ?"

ಹಿಲ್ಕೆ ಕೆಂಪು ಹಾಕಿದರು. ಫೊಕ್ಕೊ ಮಾತು ಬಿಟ್ಟರು. ಹಿಲ್ಕೆ ಬರುವುದು ಕಂಡರೆ ನಾಯಿಯನ್ನೂ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆಂಪು ಬಿದ್ದದ್ದರಿಂದ ಸಂಘದವರು ಅವರ ಅಂಗಳದ ಪಕ್ಕದಲ್ಲೇ ಮರಳಿನ ಮೂಟೆ ಪೇರಿಸಿದರು. ಅದಕ್ಕೂ ಫೊಕ್ಕೊ ಅವರನ್ನು ಬೈದರು.

ಜನವರಿಯಲ್ಲಿ ವಾಯವ್ಯದ ಗಾಳಿ ಎದ್ದಿತು. ಇಳಿಯಬೇಕಿದ್ದ ನೀರು ಇಳಿಯಲೇ ಇಲ್ಲ. ಅದರ ಮೇಲೆಯೇ ಮುಂದಿನ ಉಬ್ಬರ ಬಂತು. ಮಧ್ಯಾಹ್ನ ಹಿಲ್ಕೆ ಒಡ್ಡಿನ ಮೇಲೆ ಬಗ್ಗಿಕೊಂಡು ನಡೆಯುತ್ತಿದ್ದಾಗ ಕೆಳಗಿನಿಂದ ಫೊಕ್ಕೊ ಕೂಗಿದರು. ತಿಂಗಳುಗಟ್ಟಲೆ ಆದಮೇಲೆ ಹಿಲ್ಕೆಯೊಡನೆ ಆಡಿದ ಮೊದಲ ಮಾತು ಅದು.

"ಹಿಲ್ಕೆ! ಕೋಸಿನ ಪಾತೀಲಿ ನೀರು ಬುಗ್ಗೆ ಎದ್ದು ಕುದೀತಿದೆ!"

"ತಿಳಿಯೋ? ಕದಡೋ?"

"ಕದಡು!"

ತಿಳಿನೀರಾದರೆ ಬರೀ ಜಿನುಗು. ಕದಡಿದ ನೀರೆಂದರೆ ಒಡ್ಡಿನ ಒಡಲಿನ ಮಣ್ಣನ್ನೇ ಹೊತ್ತು ತರುತ್ತಿದೆ ಎಂದರ್ಥ. ಹಿಲ್ಕೆ ಕೂತು ಜಾರಿಕೊಂಡೇ ಇಳಿದರು. ಇಬ್ಬರೂ ಆ ಬುಗ್ಗೆಯ ಸುತ್ತ ಬಾವಿಕಟ್ಟೆಯಂತೆ ಮೂಟೆ ಪೇರಿಸತೊಡಗಿದರು. "ಇಬ್ರ ಹಲ್ಲೂ ಕಟಕಟ ಅಂತಿತ್ತು. ಚಳೀಗಲ್ಲ," ಎನ್ನುತ್ತಾರೆ ಹಿಲ್ಕೆ. ಸಂಘದ ಲಾರಿ ಬರುವ ಹೊತ್ತಿಗೆ ಕಟ್ಟೆ ಎದೆಯೆತ್ತರ ಬಂದಿತ್ತು. ಒಳಗೆ ಏರಿದ ನೀರಿನ ಭಾರಕ್ಕೆ ಬುಗ್ಗೆಯ ರಭಸ ತಗ್ಗಿ, ನೀರು ಮೆಲ್ಲನೆ ತಿಳಿಯಾಯಿತು. ಸಂಜೆಗೆ ಗಾಳಿ ತಿರುಗಿತು. ಒಡ್ಡು ನಿಂತಿತು.

ಕುರಿಗಳು ಮರಿ ಹಾಕಿದ ಮೇಲೆ, ಒಡ್ಡು ಎತ್ತರಿಸಲು ಸಂಘದವರು ಫೊಕ್ಕೊ ಅವರ ಮನೆ ಕೆಡವುತ್ತಾರೆ. ಫೊಕ್ಕೊಗೆ ಎತ್ತರದ ಊರಿನಲ್ಲಿ ಬಾಡಿಗೆ ಮನೆ ಸಿಕ್ಕಿದೆ. "ಇವಳು ಹಳದಿ ಹಾಕಿದ್ರೆ ಮೂಟೆ ಇರ್ತಿರ್ಲಿಲ್ಲ," ಎನ್ನುತ್ತಾರೆ ಅವರು, ಹಿಲ್ಕೆಯತ್ತ ನೋಡದೆ. "ಆದ್ರೂ ನಾನವಳನ್ನ ಕ್ಷಮಿಸಿಲ್ಲ. ಚಹಾ ಕೊಡ್ತೀನಿ, ಅಷ್ಟೇ."

ಈ ವಾರ ಹಿಲ್ಕೆ ಅಳೆಯುತ್ತಿರುವುದು ಸ್ವಂತ ಮನೆಯ ಹಿಂದಿನ ಒಡ್ಡನ್ನು. ಬಣ್ಣ ಯಾವುದು ಎಂದರೆ ಕೋಲನ್ನು ಇನ್ನೊಮ್ಮೆ ಅದೇ ಜಾಗದಲ್ಲಿ ಊರುತ್ತಾರೆ. ನಿಮ್ಮ ಆಸೆ ಏನು ಎಂದರೆ ಮಾತ್ರ ಬಾಯಿ ಬಿಡುತ್ತಾರೆ.

"ಉಳಿದ ಕೆಂಪು ಗೆರೆಗಳು ಒಂದೂ ನಿಜ ಆಗ್ಬಾರ್ದು. ಹಿಲ್ಕೆ ಸುಮ್‌ಸುಮ್ನೆ ಹೆದರಿಸಿದ್ಲು ಅಂತ ಊರೋರು ಮಕ್ಕಳು ಮೊಮ್ಮಕ್ಕಳಿಗೆ ಹೇಳಿ ನಗ್ಬೇಕು. ಅಷ್ಟಾದ್ರೆ ಸಾಕು."